ಉಫ್ ಅಣ್ಣ ಏರಿಸಿದ ಪ್ರೊಸೆಸರ್

ನಮ್ಮ ಅಣ್ಣನಿಗೆ ಬೀದಿಯವರು ಇಟ್ಟ ಹೆಸರು ಉಫ್ ಅಣ್ಣ. ಯಾರು ಎಂಥ ಕಂಪ್ಯೂಟರ್ ಹೊತ್ತು ತಂದರೂ ಅವನು ಮೊದಲು ಅದರ ಪಕ್ಕದ ತಗಡು ಬಿಚ್ಚಿ, ಒಳಗೆ ಮುಖ ತೂರಿಸಿ, ಉಫ್ ಎಂದು ಒಂದು ಸಲ ಊದುತ್ತಿದ್ದ. ಧೂಳು ತೆಗೆಯುವ ಬ್ಲೋವರ್ ಗೋಡೆಗೆ ನೇತುಹಾಕಿತ್ತು, ಅದನ್ನು ಆಮೇಲೆ ಮುಟ್ಟುತ್ತಿದ್ದ. "ಅದು ಮೆಷಿನ್ನಿಗೆ, ಇದು ಗಿರಾಕಿಗೆ" ಎನ್ನುತ್ತಿದ್ದ. ಊದಿದ ಕೂಡಲೇ ಗಿರಾಕಿಗೆ ಅರ್ಧ ಕಾಯಿಲೆ ವಾಸಿಯಾದಷ್ಟು ಸಮಾಧಾನವಾಗುತ್ತದಂತೆ. ನಿಜ ಹೇಳಬೇಕೆಂದರೆ ಅರ್ಧಕ್ಕರ್ಧ ಯಂತ್ರಗಳು ಆ ಉಫ್‌ಗೇ ಸರಿಹೋಗುತ್ತಿದ್ದವು. ಉಳಿದವಕ್ಕೆ ಅವನು ತಲೆ ಓಡಿಸುತ್ತಿದ್ದ. ತಲೆ ಅವನಿಗೆ ಚೆನ್ನಾಗಿಯೇ ಇತ್ತು. ಆ ತಲೆಯ ಬಗ್ಗೆ ಅವನಿಗಿದ್ದ ಅಭಿಮಾನ ಮಾತ್ರ ಒಂದು ಗುಲಗಂಜಿ ತೂಕ ಹೆಚ್ಚಾಗಿತ್ತು. ನಾನು ಹೇಳಹೊರಟಿರುವುದು ಆ ಒಂದು ಗುಲಗಂಜಿಯ ವಿಷಯ.

ನಾನು ಅವನ ತಂಗಿ. ಮದುವೆಯಾಗಿ ಎರಡೇ ವರ್ಷಕ್ಕೆ ವಾಪಸು ಬಂದವಳು, ಬಾಯಿ ಜೋರು ಎಂದು ಹೆಸರಾದವಳು. ಅವನು ಮದುವೆಯ ಗೋಜಿಗೇ ಹೋಗಲಿಲ್ಲ. ಅಂಗಡಿಯ ಮುಂದಿನ ಕೋಣೆಯಲ್ಲಿ ಕೌಂಟರಿನ ಹಿಂದೆ ನಾನು ಕೂರುತ್ತಿದ್ದೆ, ಕಿಟಕಿ ಪಕ್ಕದ ಮೇಜಿಗೆ ಅವನು. ಹಿಂದಿನ ಕೋಣೆಯಲ್ಲಿ ಸತ್ತ ಮಾನಿಟರುಗಳು, ಹಲ್ಲುದುರಿದ ಕೀಬೋರ್ಡುಗಳು, ಗಂಟುಬಿದ್ದ ವೈರುಗಳು. ಅಂಗಡಿ ನೆಲಮಹಡಿಯಲ್ಲಿತ್ತು. ಎದುರು ಕಟ್ಟಡದ ನೆರಳು ದಿನವಿಡೀ ನಮ್ಮ ಮೇಲೆ ಬಿದ್ದಿರುತ್ತಿತ್ತು, ಬೇಸಗೆಯಲ್ಲೂ ನೆಲ ತಣ್ಣಗಿರುತ್ತಿತ್ತು. ಇಂಥ ತಂಪು ಜಾಗ ಸಿಕ್ಕಿದ್ದು ನಮ್ಮ ಪುಣ್ಯ ಎಂದುಕೊಂಡಿದ್ದೆವು.

ಅಂಗಡಿಗೆ ಹೆಸರು ಬಂದದ್ದು ರಿಪೇರಿಯಿಂದಲ್ಲ, 'ಏರಿಸುವ' ಕೆಲಸದಿಂದ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಲೆಕ್ಕದ ಗುಮಾಸ್ತ. ಎಷ್ಟು ವೇಗವಾಗಿ ಲೆಕ್ಕ ಮಾಡಬೇಕೆಂದು ಅದರ ನೆತ್ತಿಯ ಮೇಲೆ ಬರೆದೇ ಕಳಿಸಿರುತ್ತಾರೆ. ಅಗ್ಗದ್ದಕ್ಕೆ ಕಡಿಮೆ, ದುಬಾರಿಯದಕ್ಕೆ ಹೆಚ್ಚು. "ಎಷ್ಟೋ ಸಲ ಎರಡೂ ಒಂದೇ ತಾಯಿ ಮಕ್ಕಳು ಪುಟ್ಟಿ, ಒಂದಕ್ಕೆ ಬಡವರ ಮನೆ ಚೀಟಿ ಅಂಟಿಸಿದ್ದಾರೆ ಅಷ್ಟೇ" ಎಂದು ಅಣ್ಣ ಹೇಳುತ್ತಿದ್ದ. ನನಗೆ ನಲವತ್ತು ದಾಟಿದರೂ ಅವನಿಗೆ ನಾನು ಪುಟ್ಟಿಯೇ. ಅಗ್ಗದ ಪ್ರೊಸೆಸರಿಗೆ ಇನ್ನೊಂದಿಷ್ಟು ಕರೆಂಟು ಕೊಟ್ಟು, ಸೆಟ್ಟಿಂಗ್ ಬದಲಿಸಿ, ಮೇಲೆ ದೊಡ್ಡ ಫ್ಯಾನು ಕೂರಿಸಿದರೆ ಅದು ದುಬಾರಿಯದರ ಜೊತೆ ಓಡುತ್ತಿತ್ತು. ಹೊಸದು ಕೊಳ್ಳಲಾಗದವರೆಲ್ಲ ನಮ್ಮ ಅಂಗಡಿಗೆ ಬರುತ್ತಿದ್ದರು.

ಏರಿಸುವುದಕ್ಕೆ ಅವನದೇ ಒಂದು ಕ್ರಮವಿತ್ತು. ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸುತ್ತ ಹೋಗಬೇಕು. ಯಾವುದೋ ಒಂದು ಮೆಟ್ಟಿಲಲ್ಲಿ ಯಂತ್ರ ಮುಗ್ಗರಿಸುತ್ತದೆ. ಪರದೆ ನೀಲಿಯಾಗುತ್ತದೆ, ಇಲ್ಲವೇ ಇದ್ದಲ್ಲೇ ನಿಂತುಬಿಡುತ್ತದೆ. ಅಲ್ಲಿಂದ ಎರಡು ಮೆಟ್ಟಿಲು ಕೆಳಗಿಳಿಸಿ, ಒಂದು ಇಡೀ ದಿನ ಲೆಕ್ಕ ಮಾಡಿಸಿ ನೋಡಿ, ಆಮೇಲೆ ಗಿರಾಕಿಯ ಕೈಗೆ ಕೊಡಬೇಕು. ಎರಡು ಯಾಕೆ, ಒಂದು ಸಾಲದೇ ಎಂದು ನಾನೇ ಒಮ್ಮೆ ಕೇಳಿದ್ದೆ.

"ಒಂದು ಮೆಟ್ಟಿಲು ಕೆಳಗೆ ಅದು ಬೀಳಲ್ಲ, ತೂಕಡಿಸುತ್ತೆ" ಎಂದಿದ್ದ. "ಬಿದ್ರೆ ಎಲ್ಲರಿಗೂ ಗೊತ್ತಾಗುತ್ತೆ. ತೂಕಡಿಸಿದ್ರೆ ಗೊತ್ತಾಗಲ್ಲ. ಎಲ್ಲೋ ಒಂದು ಲೆಕ್ಕ ತಪ್ಪು ಮಾಡಿ, ಏನೂ ಆಗದೇ ಇರೋ ಹಾಗೆ ಮುಂದೆ ಹೋಗುತ್ತೆ."

ಈ ಮಾತನ್ನು ಅವನು ಆಡಿದ್ದು ನನ್ನ ಮುಂದೆ, ಕೇಳಿಸಿಕೊಂಡದ್ದು ನಾನು. ಆದ್ದರಿಂದ ಮುಂದೆ ನಡೆದದ್ದರಲ್ಲಿ ನನ್ನ ಪಾಲೂ ಇದೆ ಎಂದು ಈಗಲೇ ಹೇಳಿಬಿಡುತ್ತೇನೆ.

ನಕ್ಷೆ ಸಾಹೇಬರು ಅಂಗಡಿಗೆ ಬಂದದ್ದು ಚಳಿಗಾಲದಲ್ಲಿ. ಮನೆ ಕಟ್ಟುವವರಿಗೆ ನಕ್ಷೆ ಬರೆದು, ಯಾವ ಕಂಬಕ್ಕೆ ಎಷ್ಟು ಕಂಬಿ, ಯಾವ ಬಾಲ್ಕನಿಗೆ ಎಷ್ಟು ಕಂಬಿ ಎಂದು ಲೆಕ್ಕ ಹಾಕಿ ಸಹಿ ಮಾಡಿ ಕೊಡುವ ಇಂಜಿನಿಯರು ಅವರು. ತಿರುವಿನಲ್ಲಿರುವ ಬೇಕರಿಯ ಮಹಡಿಯ ಮೇಲೆ ಒಂದೇ ಕೋಣೆಯ ಆಫೀಸು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ಸಿಲು. ಅವರ ಕಂಪ್ಯೂಟರ್ ಅಗ್ಗದ್ದು. ಒಂದು ಕಟ್ಟಡದ ಲೆಕ್ಕ ಮುಗಿಯಲು ನಲವತ್ತೆರಡು ನಿಮಿಷ ತೆಗೆದುಕೊಳ್ಳುತ್ತಿತ್ತು. ಮನೆಯ ಯಜಮಾನರು ಕಿಟಕಿ ಅಲ್ಲಿ ಬೇಡ ಇಲ್ಲಿರಲಿ ಎಂದರೆ ಮತ್ತೆ ನಲವತ್ತೆರಡು ನಿಮಿಷ.

"ಅರ್ಧ ಗಂಟೆ ಒಳಗೆ ಬರೋ ಹಾಗೆ ಮಾಡಿದ್ರೆ ನಾನು ಬದುಕಿಕೊಳ್ತೀನಿ" ಎಂದರು. ಅಣ್ಣ ಏರಿಸುವುದು ಹೇಗೆಂದು ವಿವರಿಸಿದ. ಅವರು ಕುರ್ಚಿ ಎಳೆದುಕೊಂಡು ಕೂತು, ಶಾಲೆಯ ಹುಡುಗನ ಹಾಗೆ ಕೇಳಿಸಿಕೊಂಡು, ಕೊನೆಗೆ ಕೈ ಕುಲುಕಿದರು. "ನೀವೂ ಇಂಜಿನಿಯರೇ ಕಣ್ರೀ. ಪದವಿ ಒಂದಿಲ್ಲ ಅಷ್ಟೇ."

ಅಣ್ಣ ಅವತ್ತು ಊಟಕ್ಕೆ ಕೂತಾಗಲೂ ಆ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಓದಲಾಗಲಿಲ್ಲ ಎಂಬ ಕೊರಗು ಅವನಿಗೆ ಒಳಗೊಳಗೇ ಇತ್ತು. ನಾನು ಗೇಲಿ ಮಾಡಿದೆ: "ಕೈ ತೊಳ್ಕೊಂಡು ಊಟ ಮಾಡು, ಪದವಿ ಅಳಿಸಿಹೋಗಲ್ಲ."

ಎರಡು ಮೆಟ್ಟಿಲು ಕೆಳಗಿಳಿಸಿ ನೋಡಿದರೆ ಲೆಕ್ಕ ಮೂವತ್ತೊಂದು ನಿಮಿಷಕ್ಕೆ ಮುಗಿಯಿತು. ಸಾಹೇಬರು ಕೇಳಿದ್ದು ಅರ್ಧ ಗಂಟೆ. ಅಣ್ಣ ಒಂದು ಮೆಟ್ಟಿಲು ಮೇಲೆ ಹತ್ತಿಸಿದ. ಇಪ್ಪತ್ತೊಂಬತ್ತು ನಿಮಿಷ. ಇಡೀ ದಿನ ಓಡಿಸಿ ನೋಡಿದ, ಯಂತ್ರ ಮುಗ್ಗರಿಸಲಿಲ್ಲ. ಹಾಗೆ ಪರೀಕ್ಷೆ ಮಾಡಿದ್ದು ನಮ್ಮ ತಣ್ಣನೆಯ ಕೋಣೆಯಲ್ಲಿ, ಚಳಿಗಾಲದಲ್ಲಿ, ಪಕ್ಕದ ತಗಡು ಬಿಚ್ಚಿಟ್ಟು, ಎದುರಿಗೆ ಟೇಬಲ್ ಫ್ಯಾನು ಹಾಕಿ. ರಿಪೇರಿಯವರೆಲ್ಲ ಮಾಡುವುದು ಹೀಗೆಯೇ. ಕೈ ಹಾಕಲು ಅನುಕೂಲವೆಂದು ತಗಡು ಬಿಚ್ಚಿಯೇ ಇಟ್ಟಿರುತ್ತಾರೆ. ಗಿರಾಕಿ ಅದನ್ನು ಮುಚ್ಚಿ ಮೂಲೆಗೆ ತಳ್ಳಿ ಕೆಲಸ ಮಾಡುತ್ತಾನೆ ಎಂಬುದು ತಲೆಗೆ ಹೊಳೆಯುವುದಿಲ್ಲ. ಸಾಹೇಬರ ಕೋಣೆಯ ಕೆಳಗಡೆ ಬ್ರೆಡ್ಡು ಸುಡುವ ಒಲೆ ಇತ್ತೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ದಿನಾ ಅಲ್ಲಿಂದಲೇ ಬನ್ನು ತರುತ್ತಿದ್ದೆವು.

ಬೇಸಗೆ ಬಂತು. ಅದರ ಕೊನೆಗೆ ಊರಾಚೆಯ ಹೊಸ ಬಡಾವಣೆಯಲ್ಲಿ, ಸಾಹೇಬರು ಬೇಸಗೆಯ ಮೊದಲಿಗೆ ಲೆಕ್ಕ ಹಾಕಿ ಕೊಟ್ಟಿದ್ದ ಒಂದು ಮನೆಯ ಬಾಲ್ಕನಿ, ಅಡಿಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಹಲಗೆಗಳನ್ನು ತೆಗೆದ ದಿನವೇ, ಬುಡದಿಂದ ಕಿತ್ತುಕೊಂಡು ಬಿತ್ತು. ಕೆಳಗೆ ಗಾರೆ ಕೆಲಸದವನೊಬ್ಬ ಸಿಮೆಂಟು ಕಲಸುತ್ತಿದ್ದ. ಮೂವತ್ತನಾಲ್ಕು ವರ್ಷ, ಎರಡು ಮಕ್ಕಳು. ಅಲ್ಲೇ ಹೋದ. ಪತ್ರಿಕೆಯಲ್ಲಿ ಅವನ ಫೋಟೋ ಬಂತು, ಯಾವುದೋ ಗುರುತಿನ ಚೀಟಿಗೆ ತೆಗೆಸಿದ್ದು, ಕೂದಲು ಒದ್ದೆ ಮಾಡಿ ಬಾಚಿಕೊಂಡಿದ್ದ.

ವಿಚಾರಣೆಯಲ್ಲಿ ಎಲ್ಲರೂ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದರು. ಕೊನೆಗೆ ಬಂದು ನಿಂತದ್ದು ಸಾಹೇಬರು ಸಹಿ ಮಾಡಿದ ಹಾಳೆಯ ಒಂದು ಸಾಲಿಗೆ. ಬಾಲ್ಕನಿಯ ಸಾಲು. ಹತ್ತು ಕಂಬಿ ಇರಬೇಕಾದ ಕಡೆ ನಾಲ್ಕು ಎಂದಿತ್ತು. ಕಂಬಿ ಕಟ್ಟುವವರು ಹಾಳೆಯಲ್ಲಿದ್ದಷ್ಟನ್ನೇ ಕಟ್ಟಿದ್ದರು. ಸಾಹೇಬರು ಎಲ್ಲರೆದುರು ಅದೇ ಕಂಪ್ಯೂಟರಿನಲ್ಲಿ ಅದೇ ಲೆಕ್ಕವನ್ನು ಮತ್ತೆ ಓಡಿಸಿದರು. ಈ ಸಲ ಹತ್ತು ಎಂದೇ ಬಂತು. ಆಗ ವಿಚಾರಣೆಯವರು ಹೇಳಿದ್ದು: ಮೊದಲ ಸಲ ನೀವು ಅಂಕಿ ತಪ್ಪು ಹಾಕಿದ್ದೀರಿ, ಅಪಘಾತವಾದ ಮೇಲೆ ಸದ್ದಿಲ್ಲದೆ ತಿದ್ದಿದ್ದೀರಿ.

ಅದಾದ ಎರಡು ದಿನಕ್ಕೆ ಮಧ್ಯಾಹ್ನ ಅವರು ಕಂಪ್ಯೂಟರನ್ನು ತಾವೇ ಎದೆಗವಚಿಕೊಂಡು ಅಂಗಡಿಗೆ ಬಂದರು. ಅಂಗಿ ಮುದುರಿತ್ತು. ಮೇಜಿನ ಮೇಲೆ ಅದನ್ನಿಟ್ಟು ನಿಂತೇ ಕೇಳಿದರು.

"ನಾನು ಏನೂ ತಿದ್ದಿಲ್ಲ. ಹಾಗಂತ ನನಗೆ ನೆನಪು. ಈಗ ನೀವು ಹೇಳಿ. ಒಂದೇ ಯಂತ್ರ, ಅವೇ ಅಂಕಿ. ಒಂದಿನ ಒಂದು ಉತ್ತರ, ಇನ್ನೊಂದಿನ ಇನ್ನೊಂದು ಉತ್ತರ ಕೊಡೋಕೆ ಸಾಧ್ಯಾನಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅಣ್ಣ ಹೆಗಲು ಮುಟ್ಟಿಕೊಳ್ಳಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಬಟ್ಟೆಯಿಂದ ಒರೆಸಿದ. ಅದು ಆಗಲೇ ಸ್ವಚ್ಛವಾಗಿತ್ತು.

"ಇಲ್ಲ ಸಾರ್. ಕಂಪ್ಯೂಟರ್ ಕೆಟ್ರೆ ನಿಂತುಹೋಗುತ್ತೆ. ತಪ್ಪು ಲೆಕ್ಕ ಮಾಡಲ್ಲ."

"ನೀವು ಏರಿಸಿದ್ರಲ್ಲ, ಅದರಿಂದ ಏನಾದ್ರೂ..."

"ಅದರಿಂದ ವೇಗ ಹೆಚ್ಚಾಯ್ತು ಸಾರ್. ಬೇರೇನೂ ಇಲ್ಲ."

ಸಾಹೇಬರು ನನ್ನ ಕಡೆ ತಿರುಗಿದರು. ಯಾಕೆ ತಿರುಗಿದರೋ. ನಾನು ಕೌಂಟರಿನ ಮೇಲಿದ್ದ ರಸೀದಿ ಪುಸ್ತಕದ ಮೂಲೆ ಸರಿಮಾಡುತ್ತ ಕೂತಿದ್ದೆ. ಇಡೀ ಬೀದಿಗೆ ಕೇಳುವ ಹಾಗೆ ಕಿರುಚಬಲ್ಲ ನನ್ನ ಬಾಯಿಗೆ ಅವತ್ತು ಬೀಗ ಬಿದ್ದಿತ್ತು. ಒಬ್ಬ ಸತ್ತಿದ್ದಾನೆ, ಅಣ್ಣನನ್ನು ಹಿಡಿದುಕೊಂಡು ಹೋಗುತ್ತಾರೆ, ಅಂಗಡಿ ಮುಚ್ಚುತ್ತದೆ, ನಾನು ಎಲ್ಲಿಗೆ ಹೋಗಲಿ. ಇಷ್ಟೇ ತಲೆಯಲ್ಲಿ ಓಡಿದ್ದು.

"ಹಾಗಾದ್ರೆ ನಾನೇ" ಎಂದರು ಸಾಹೇಬರು. ಜೋರಾಗಿಯೂ ಅನ್ನಲಿಲ್ಲ, ಅಳಲೂ ಇಲ್ಲ. ಬಾಗಿಲ ತನಕ ಹೋದವರು ತಿರುಗಿ ಹೇಳಿದರು: "ಇದನ್ನು ನೀವೇ ಇಟ್ಕೊಳ್ಳಿ. ಮನೇಲಿದ್ರೆ ಅದರ ಮುಂದೇನೇ ಕೂತ್ಬಿಡ್ತೀನಿ."

ಅವರ ಸಹಿಯ ಅಧಿಕಾರ ಹೋಯಿತು. ಆಫೀಸು ಖಾಲಿಯಾಯಿತು. ಸ್ವಲ್ಪ ಕಾಲ ಗಾಜಿನ ಅಂಗಡಿಯೊಂದರಲ್ಲಿ ಕಿಟಕಿಗಳ ಅಳತೆ ಬರೆದುಕೊಳ್ಳುವ ಕೆಲಸಕ್ಕಿದ್ದರು. ಒಂದು ಕಿಟಕಿಯನ್ನು ಏಳೆಂಟು ಸಲ ಅಳೆಯುತ್ತಿದ್ದರಂತೆ. ಅಳೆದು, ಬರೆದು, ರಸ್ತೆಗಿಳಿದು, ಮತ್ತೆ ಮೇಲೆ ಹತ್ತಿ ಅಳೆಯುತ್ತಿದ್ದರಂತೆ. ಮಾಲೀಕ ಒಳ್ಳೆಯವನು, ಆರು ತಿಂಗಳು ತಡೆದುಕೊಂಡ.

ಇತ್ತ ಅಣ್ಣ ಊದುವುದನ್ನು ಬಿಟ್ಟ. ಯಾರಾದರೂ ಯಂತ್ರ ತಂದು "ಎಲ್ಲಿ, ಒಂದು ಉಫ್ ಆಗ್ಲಿ" ಎಂದರೆ ಬ್ಲೋವರ್ ಕಡೆ ಕೈ ಚಾಚುತ್ತಿದ್ದ. ಏರಿಸಿಕೊಡಿ ಎಂದವರಿಗೆ ಆ ಕೆಲಸ ಮರೆತುಹೋಯಿತು ಎನ್ನುತ್ತಿದ್ದ. ರಸ್ತೆಯಲ್ಲಿ ಪಕ್ಕದಲ್ಲಿ ನಡೆಯುತ್ತಿರಲಿಲ್ಲ. ಹಾರ್ನು ಹೊಡೆದರೂ, ಬೈದರೂ ನಟ್ಟನಡುವೆಯೇ. ಪಕ್ಕದಲ್ಲಿ ನಡೆದರೆ ತಲೆಯ ಮೇಲೆ ಬಾಲ್ಕನಿಗಳಿರುತ್ತವೆ. ಒಮ್ಮೆ ಎದುರು ಕಟ್ಟಡಕ್ಕೆ ಗಿಲಾವು ಮಾಡಲು ಗಾರೆಯವನೊಬ್ಬ ಬಂದಿದ್ದ. ಅವನೂ ಪತ್ರಿಕೆಯ ಫೋಟೋದಲ್ಲಿದ್ದವನ ಹಾಗೆ ತಲೆ ಒದ್ದೆ ಮಾಡಿ ಬಾಚಿದ್ದ. ಆ ಕೆಲಸ ಮುಗಿಯುವವರೆಗೂ, ಹನ್ನೊಂದು ದಿನ, ಅಣ್ಣ ಕಿಟಕಿಯ ಪಕ್ಕದ ಮೇಜು ಬಿಟ್ಟು ನನ್ನ ಕೌಂಟರಿನ ಮೂಲೆಯಲ್ಲಿ ಬಗ್ಗಿ ಕೂತು ಕೆಲಸ ಮಾಡಿದ. "ಅವನಲ್ಲ ಅಣ್ಣಾ, ಇವನು ಬೇರೆಯವನು" ಎಂದೆ. "ಗೊತ್ತು" ಎಂದ. ಆದರೂ ಎದ್ದು ಹೋಗಲಿಲ್ಲ.

ಸಾಹೇಬರ ಕಂಪ್ಯೂಟರನ್ನು ಅವನು ಹಿಂದಿನ ಕೋಣೆಗೆ ಒಯ್ದು ಕಬ್ಬಿಣದ ಬೀರುವಿನೊಳಗೆ ಇಟ್ಟಿದ್ದ. ತಾನು ಮಾಡಿದ್ದ ಸೆಟ್ಟಿಂಗನ್ನು ಒಂದಿಷ್ಟೂ ಬದಲಿಸಿರಲಿಲ್ಲ. ಬೇಕರಿ ಮಹಡಿಯ ಸೆಕೆ ಬರಲೆಂದು ಪಕ್ಕದಲ್ಲೊಂದು ದೊಡ್ಡ ಬಲ್ಬು ಉರಿಸಿ ಬೀರುವಿನ ಬಾಗಿಲು ಮುಚ್ಚಿದ್ದ. ಒಳಗೆ ಅದೇ ಮನೆಯ ಲೆಕ್ಕ ಓಡುತ್ತಿತ್ತು. ಇಪ್ಪತ್ತೊಂಬತ್ತು ನಿಮಿಷಕ್ಕೊಮ್ಮೆ ಮುಗಿದು, ಉತ್ತರ ಸರಿಯಿದ್ದರೆ ಮತ್ತೆ ಮೊದಲಿಂದ. ಒಂದು ಅಂಕಿ ತಪ್ಪಿದರೂ ಅಲ್ಲಿಗೇ ನಿಲ್ಲುವಂತೆ ಮಾಡಿದ್ದ.

"ಯಾಕಣ್ಣಾ ಇದು?" ಎಂದು ಕೇಳಿದ್ದೆ.

"ಅದು ತಪ್ಪು ಮಾಡದೇ ಇದ್ರೆ, ನಾನು ಅವರಿಗೆ ಹೇಳಿದ್ದು ಸುಳ್ಳಾಗಲ್ಲ" ಎಂದ.

ಆ ಮಾತಿಗೆ ನಾನೂ ಜೋತುಬಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇಬ್ಬರೂ ದಿನ ದೂಡಿದೆವು. ಗೋಡೆಯಾಚೆಯಿಂದ ಅದರ ಫ್ಯಾನಿನ ಸದ್ದು ಸದಾ ಬರುತ್ತಿತ್ತು. ಬೆಳಗ್ಗೆ ಸಣ್ಣಗೆ, ಬಿಸಿಲೇರಿದಂತೆ ದನಿ ಏರುತ್ತ, ಮಧ್ಯಾಹ್ನ ಎರಡೂವರೆಗೆ ಯಾರೋ ಹಲ್ಲು ಕಚ್ಚಿಕೊಂಡು ನರಳಿದಂತೆ. ಆ ಹೊತ್ತಿಗೆ ಅಣ್ಣ ಕೈಲಿದ್ದ ಕೆಲಸ ಬಿಟ್ಟು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಒಂದು ಗಂಟೆ ಬಿಟ್ಟು ಬೆವತು ಬರುತ್ತಿದ್ದ. "ಏನಾಯ್ತು?" ಎಂದರೆ "ನಡೀತಿದೆ" ಎನ್ನುತ್ತಿದ್ದ. ಹೊಸ ಗಿರಾಕಿಗಳು ಏನು ಸದ್ದು ಎಂದು ಕೇಳಿದರೆ ನೀರಿನ ಪಂಪು ಎಂದು ನಾನೇ ಹೇಳುತ್ತಿದ್ದೆ. ಹೀಗೆ ಒಂಬತ್ತು ವರ್ಷ. ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನ್ನ ಕನಸಿನಲ್ಲಿ ಮನುಷ್ಯರು ಮಾತಾಡುವಾಗ ಹಿಂದೆ ಆ ಸದ್ದು ಇರುತ್ತಿತ್ತು.

ಹೋದ ಬೇಸಗೆಯಲ್ಲಿ ಒಂದು ದಿನ ಅಣ್ಣ ಯಾವುದೋ ಆಫೀಸಿನ ಪ್ರಿಂಟರ್ ನೋಡಲು ಹೋಗಿದ್ದ. ಎರಡೂವರೆಗೆ ಬರುತ್ತೇನೆಂದವನು ಬಂದಿರಲಿಲ್ಲ. ನಾನು ಕೌಂಟರಿನಲ್ಲಿ ಕೂತು ಸದ್ದು ಏರುವುದನ್ನು ಕೇಳುತ್ತಿದ್ದೆ. ಏರಿತು. ಏರಿದ್ದು ಒಮ್ಮೆಗೇ ಇಳಿಯಿತು. ಓಡುತ್ತಿದ್ದವನು ನಿಂತು ಉಸಿರು ಬಿಟ್ಟ ಹಾಗೆ. ಅಣ್ಣ ಒಳಗಿದ್ದಾಗ ಇಳಿದರೆ ಬೀರು ತೆರೆದಿರಬೇಕು ಎಂದುಕೊಳ್ಳುತ್ತಿದ್ದೆ, ಅವತ್ತು ಒಳಗೆ ಯಾರೂ ಇರಲಿಲ್ಲ.

ಬೀರುವಿನ ಬೀಗದ ಕೈ ಅಂಗಡಿಯಲ್ಲೇ ಗೂಟಕ್ಕೆ ನೇತುಹಾಕಿದ್ದ ಅಣ್ಣನ ಇನ್ನೊಂದು ಪ್ಯಾಂಟಿನ ಜೇಬಿನಲ್ಲಿತ್ತು. ಒಳಗೆ ಹೋಗಿ ಬೀರು ತೆರೆದೆ. ಸೆಕೆ ಮುಖಕ್ಕೆ ಹೊಡೆಯಿತು. ಯಂತ್ರಕ್ಕೆ ಜೋಡಿಸಿದ್ದ ಪುಟ್ಟ ಪರದೆಯ ಮೇಲೆ ಕೆಂಪಕ್ಷರದಲ್ಲಿ, ಅಡಿಪಾಯದ ಯಾವುದೋ ಒಂದು ಸಾಲು, ಅದರ ಮುಂದೆ ತಪ್ಪು ಎಂದಿತ್ತು. ಅಯ್ಯೋ, ಕೊನೆಗೂ ತಪ್ಪಿತಲ್ಲ, ಅಣ್ಣನಿಗೆ ಹೇಗೆ ಹೇಳಲಿ ಎಂದು ನನಗೆ ಸಂಕಟವಾಯಿತು. ಅಷ್ಟರಲ್ಲಿ ಬೀರುವಿನ ಬಾಗಿಲ ಒಳಮೈ ಕಣ್ಣಿಗೆ ಬಿತ್ತು. ಅಲ್ಲಿ ಸೀಮೆಸುಣ್ಣದ ಗೆರೆಗಳಿದ್ದವು. ಐದೈದರ ಕಟ್ಟು. ಎಣಿಸಿದೆ. ನಲವತ್ತೊಂದು. ಮೊದಲನೆಯ ಗೆರೆಯ ಪಕ್ಕ ಅಣ್ಣನ ಗುಂಡು ಅಕ್ಷರದಲ್ಲಿ ತಾರೀಖಿತ್ತು. ಯಂತ್ರವನ್ನು ಬೀರುವಿಗೆ ಇಟ್ಟ ಹತ್ತೊಂಬತ್ತನೆಯ ದಿನದ್ದು.

ಅಣ್ಣ ಬಂದಾಗ ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಅವನು ನನ್ನನ್ನೂ ತೆರೆದ ಬಾಗಿಲನ್ನೂ ನೋಡಿದ.

"ಹತ್ತೊಂಬತ್ತನೇ ದಿನಕ್ಕೇ ತಪ್ಪಿದೆ" ಎಂದೆ. "ಒಂಬತ್ತು ವರ್ಷ ನೀನಿಲ್ಲಿ ಏನು ಮಾಡ್ತಿದ್ದೆ?"

"ಮೊದಲ್ನೇ ಸಲ ಕರೆಂಟು ಏರುಪೇರಾಯ್ತು ಅಂದ್ಕೊಂಡೆ. ಎರಡನೇ ಸಲ ಬಲ್ಬಿನ ಬಿಸಿ ಜಾಸ್ತಿ ಆಯ್ತು ಅಂದ್ಕೊಂಡೆ." ಗೋಡೆಗೆ ಒರಗಿ ಹಾಗೇ ಕುಸಿದು ಕೂತ. "ಹತ್ತಾದ ಮೇಲೆ ಹೋಗಿ ಹೇಳೋಣ ಅಂತ ಸಾಹೇಬರ ಬೀದಿ ತನಕ ಹೋಗಿದ್ದೆ. ಒಂದು ಆದಾಗ ಯಾಕೆ ಬರಲಿಲ್ಲ ಅಂತ ಕೇಳಿದ್ರೆ ಏನು ಹೇಳ್ಲಿ ಪುಟ್ಟಿ?"

"ಅದಕ್ಕೆ ನಲವತ್ತೊಂದು ಆಗೋ ತನಕ ಕಾದ್ಯಾ?"

"ಒಂದೂ ಆ ಸಾಲಲ್ಲಿಲ್ಲ" ಎಂದ, ಮುಖ ಎತ್ತಿ, ಸಾಕ್ಷಿ ಹೇಳುವವನ ಹಾಗೆ. "ನೋಡು ಬೇಕಾದ್ರೆ. ಕಂಬದಲ್ಲಿ ತಪ್ಪಿದೆ, ಮೆಟ್ಟಿಲಲ್ಲಿ ತಪ್ಪಿದೆ, ನೀರಿನ ಟ್ಯಾಂಕಲ್ಲಿ ತಪ್ಪಿದೆ. ಬಾಲ್ಕನಿ ಸಾಲು ಇವತ್ತಿನವರೆಗೂ ಒಂದ್ಸಲಾನೂ ತಪ್ಪಿಲ್ಲ. ಆ ಸಾಲು ತಪ್ಪಿದ ದಿನ ಹೋಗಿ ಕಾಲು ಹಿಡ್ಕೋತೀನಿ ಅಂತ..."

ನನಗೆ ಎಲ್ಲಿತ್ತೋ ಸಿಟ್ಟು. ಅವನ ಮೇಲಿನದು ಅರ್ಧ, ನನ್ನ ಮೇಲಿನದು ಅರ್ಧ. "ಅವರು ಅವತ್ತು ಬಾಲ್ಕನಿ ಸಾಲು ತಪ್ಪುತ್ತಾ ಅಂತ ಕೇಳಿದ್ರೇನೋ? ಯಂತ್ರ ತಪ್ಪು ಮಾಡುತ್ತಾ ಅಂತ ಕೇಳಿದ್ರು. ನೀನು ಇಲ್ಲ ಅಂದೆ. ನಾನು ಬಾಯಿ ಮುಚ್ಕೊಂಡಿದ್ದೆ. ಏಳು. ಚಪ್ಪಲಿ ಹಾಕ್ಕೋ."

"ನಾಳೆ ಹೋಗೋಣ."

"ಒಂಬತ್ತು ವರ್ಷದ ನಾಳೆ ಆಯ್ತು. ಏಳು!"

ಬೀರುವಿನ ಬಲ್ಬು ಆರಿಸಿ ಅಂಗಡಿಗೆ ಬೀಗ ಹಾಕಿದೆ. ಅವನು ರಸ್ತೆಯ ನಟ್ಟನಡುವೆ, ನಾನು ಅವನ ತೋಳು ಹಿಡಿದುಕೊಂಡು.

ಸಾಹೇಬರ ಮನೆ ಹಳೆಯ ಕಟ್ಟಡವೊಂದರ ಕೆಳಗಿನ ಮನೆ. ಬಾಗಿಲು ತೆರೆದವರು ಅವರ ಹೆಂಡತಿ. ಏನು ಬೇಕಿತ್ತು ಎಂದು ಕೇಳಿದರು. ಆ ದನಿ ಎಷ್ಟು ಸಣ್ಣದೆಂದರೆ ನಾನು ಬಗ್ಗಿ ಇನ್ನೊಂದು ಸಲ ಕೇಳಬೇಕಾಯಿತು. ಮನೆಯೊಳಗೆ ಸದ್ದೆಂಬುದೇ ಇರಲಿಲ್ಲ. ಕುರ್ಚಿಯ ಕಾಲುಗಳಿಗೆ ಬಟ್ಟೆ ಸುತ್ತಿತ್ತು. ಆಕೆ ನೀರಿನ ಲೋಟಗಳನ್ನು ತಂದು, ತಳ ಮೇಜಿಗೆ ತಾಗುವ ಮುನ್ನ ಕಿರುಬೆರಳನ್ನು ಕೆಳಗಿಟ್ಟು, ಆಮೇಲೆ ಬೆರಳು ಎಳೆದುಕೊಂಡರು. ಯಾರಿಗೋ ಜ್ವರ ಬಂದು ಈಗಷ್ಟೇ ನಿದ್ದೆ ಹತ್ತಿದೆಯೇನೋ ಎಂದುಕೊಂಡೆ. ಆದರೆ ಮನೆಯಲ್ಲಿದ್ದದ್ದು ಅವರಿಬ್ಬರೇ.

ಸಾಹೇಬರು ಒಳಗಿನಿಂದ ಬಂದರು. ತುಂಬ ಬಡವಾಗಿದ್ದರು. ಅಣ್ಣನ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಹತ್ತಿದ ಮೇಲೆ ನಕ್ಕರು. "ಬನ್ನಿ, ಬನ್ನಿ. ಅಂಗಡಿ ಹೇಗಿದೆ?"

ಅಣ್ಣ ಕೂರಲಿಲ್ಲ. ನಿಂತೇ ಹೇಳಿದ. ಎರಡು ಮೆಟ್ಟಿಲು ಇಳಿಸಬೇಕಿತ್ತು, ಒಂದೇ ಇಳಿಸಿದೆ. ಎರಡು ನಿಮಿಷ ಉಳಿಸೋಕೆ. ನೀವು ಹೊಗಳಿದ್ದು ತಲೆಗೇರಿತ್ತು. ತಗಡು ಬಿಚ್ಚಿಟ್ಟು ತಂಪಲ್ಲಿ ಪರೀಕ್ಷೆ ಮಾಡಿದೆ. ಆ ಯಂತ್ರ ಸೆಕೆಯಲ್ಲಿ ತಪ್ಪು ಲೆಕ್ಕ ಮಾಡುತ್ತೆ ಸಾರ್, ಇವತ್ತಿಂದೂ ಸೇರಿ ನಲವತ್ತೆರಡು ಸಲ ಮಾಡಿದೆ. ಬಾಲ್ಕನಿ ಸಾಲು ತಪ್ಪಿದ್ದನ್ನು ನಾನು ನೋಡಿಲ್ಲ. ಆದ್ರೆ ಅವತ್ತು ನೀವು ಕೇಳಿದಾಗ ಇಲ್ಲ ಅಂದಿದ್ದು ಸುಳ್ಳು.

ಸಾಹೇಬರು ಕೇಳಿದ್ದು ಒಂದೇ. "ಅವತ್ತೇ ನಿಮಗೆ ಗೊತ್ತಿತ್ತಾ?"

"ನೀವು ಕೇಳಿದ ಕ್ಷಣಾನೇ ಗೊತ್ತಾಯ್ತು ಸಾರ್."

"ನನಗೂ ಗೊತ್ತಾಯ್ತು" ಎಂದೆ ನಾನು. ಅಷ್ಟು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಸಾಹೇಬರು ಒಳಗಡೆ ನೋಡಿ, "ಇವಳೇ, ಇಲ್ಲಿ ಬಾ. ನೀನು ಇದನ್ನ ಕೇಳಬೇಕು" ಎಂದರು. ಆಕೆ ಬಾಗಿಲಲ್ಲೇ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಣ್ಣನ ಎದುರಿಗೆ ಬಂದು ಅದೇ ಸಣ್ಣ ದನಿಯಲ್ಲಿ ಕೇಳಿದರು.

"ಹಾಗಾದ್ರೆ ಅದು ನನ್ನ ಜಗಳದಿಂದ ಅಲ್ವಾ?"

ನಮಗೆ ಅರ್ಥವಾಗಲಿಲ್ಲ. ಆಕೆಯೇ ಹೇಳಿದರು. ಆ ಲೆಕ್ಕ ಮಾಡಿದ ದಿನ ಬೆಳಗ್ಗೆ ಅವರು ಗಂಡನ ಮೇಲೆ ಕೂಗಾಡಿದ್ದರಂತೆ. ಯಾವುದಕ್ಕೆಂದು ಈಗ ನೆನಪೂ ಇಲ್ಲ, ಒದ್ದೆ ಟವೆಲ್ಲನ್ನು ಮಂಚದ ಮೇಲೆ ಹಾಕಿದ್ದಕ್ಕೋ ಏನೋ. ಸಾಹೇಬರು ತಿಂಡಿ ಬಿಟ್ಟು ಆಫೀಸಿಗೆ ಹೋದರಂತೆ. ಯಂತ್ರ ತಪ್ಪು ಮಾಡಲ್ಲ ಎಂದು ಅಣ್ಣ ಹೇಳಿದ ದಿನ ಮನೆಗೆ ಬಂದು, "ಅವತ್ತು ನನ್ನ ತಲೆ ಸರಿ ಇರಲಿಲ್ಲ ಅನ್ಸುತ್ತೆ, ನಾನೇ ಅಂಕಿ ತಪ್ಪು ಹಾಕಿರಬೇಕು" ಎಂದರಂತೆ. ಬೈಯಲಿಲ್ಲ, ದೂರಲಿಲ್ಲ. ತಲೆ ಯಾಕೆ ಸರಿ ಇರಲಿಲ್ಲ ಎಂಬುದು ಆಕೆಗೆ ಗೊತ್ತಿತ್ತು.

"ಅವತ್ತಿಂದ ನಾನು ಇವರ ಹತ್ರ ಒಂದು ಮಾತು ಜೋರಾಗಿ ಆಡಿಲ್ಲ" ಎಂದರು. "ಒಂದು ಪಾತ್ರೆ ಕುಕ್ಕಿಲ್ಲ. ನಾನು ಬಾಯಿ ತೆಗೆದಿದ್ದಕ್ಕೆ ಒಂದು ಜೀವ ಹೋಯ್ತು ಅಂತ. ಹೇಳಿ, ನನ್ನಿಂದ ಅಲ್ಲ ಅಲ್ವಾ?"

ಅಣ್ಣನ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ನಿಮ್ಮಿಂದ ಅಲ್ಲಮ್ಮಾ. ನನ್ನಿಂದ. ನಾನು ಹೇಳಿದ ಸುಳ್ಳಿಂದ."

ಆಕೆ ಅವನನ್ನೇ ನೋಡಿದರು. ನೋಡುತ್ತ ನೋಡುತ್ತ ಕುತ್ತಿಗೆಯ ನರ ಉಬ್ಬಿತು. ಆಮೇಲೆ ಕೂಗಿದರು. ಅಷ್ಟು ಸಣ್ಣ ಮೈಯಿಂದ ಅಂಥ ದನಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ಆಡಿದ ಮಾತುಗಳನ್ನು ಬರೆಯುವ ಹಾಗಿಲ್ಲ. ಬೈದರು, ಲೋಟ ಎತ್ತಿ ಗೋಡೆಗೆ ಒಗೆದರು, ಮತ್ತೆ ಬೈದರು. ಮೇಲಿನ ಮನೆಯ ಕಿಟಕಿಗಳು ತೆರೆದುಕೊಂಡವು. ಸಾಹೇಬರು ಆಕೆಯನ್ನು ತಡೆಯಲಿಲ್ಲ. ಕುರ್ಚಿಯ ತೋಳು ಹಿಡಿದು ಕಣ್ಣು ಮುಚ್ಚಿಕೊಂಡು, ಕಳೆದುಹೋಗಿದ್ದ ದನಿಯನ್ನು ಕೇಳುತ್ತ ಕೂತಿದ್ದರು. ಅಣ್ಣ ತಲೆ ತಗ್ಗಿಸಿ ನಿಂತು ಎಲ್ಲವನ್ನೂ ತೆಗೆದುಕೊಂಡ.

ಉಸಿರು ತಿರುಗಿಸಿಕೊಳ್ಳುತ್ತ ಆಕೆ ಕೇಳಿದರು: "ಆ ಗಾರೆಯವನ ಹೆಂಡತಿಗೆ ಹೇಳಿದ್ರಾ?"

"ಇಲ್ಲಮ್ಮಾ. ಅವರ ಮನೆ ಎಲ್ಲಿ ಅಂತ..."

"ಮತ್ತೆ ಇಲ್ಲಿ ಯಾಕೆ ನಿಂತಿದ್ದೀರಿ? ನಡೀರಿ ಮೊದ್ಲು!"

ಅಣ್ಣ ಬಾಗಿಲಿಗೆ ಬಂದು ದಿಕ್ಕು ತೋಚದೆ ನಿಂತ. ಹಿಂದಿನಿಂದ ಸಾಹೇಬರು ಎದ್ದು ಬಂದರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ನಿಧಾನವಾಗಿ, ಒಂದೊಂದೇ ಚಪ್ಪಲಿ ಮೆಟ್ಟಿಕೊಂಡರು.

"ಮನೆ ನನಗೆ ಗೊತ್ತು" ಎಂದರು. "ತಿಂಗಳಿಗೊಂದ್ಸಲ ಆ ಬೀದಿ ತುದಿ ತನಕ ಹೋಗಿ ವಾಪಸ್ ಬರ್ತೀನಿ. ಬನ್ನಿ, ಇವತ್ತು ಒಳಗೆ ಹೋಗೋಣ."